ತೂಗುಮಣೆಯ ಮಂತ್ರಿಗಳು

ಬಹಳ ಬಹಳ ಹಿಂದೆ, ನಮ್ಮ ಅಜ್ಜಿಯ ಅಜ್ಜಿ ಇನ್ನೂ ಕೂತು ಕತೆ ಕೇಳುತ್ತಿದ್ದ ಕಾಲದಲ್ಲಿ, ತುಂಬೆನಾಡು ಎಂಬ ರಾಜ್ಯವಿತ್ತು. ಅಲ್ಲಿ ಧವಳರಾಯ ಎಂಬ ರಾಜನಿದ್ದ. ಅವನಿಗೆ ಕಿರೀಟವಿತ್ತು, ಬಿಳಿ ಮೀಸೆಯಿತ್ತು, ಆಳುವ ಕೆಲಸ ಮಾತ್ರ ಇರಲಿಲ್ಲ. ಆಳುವವರು ತೂಗುಮಣೆಯ ಮೇಲೆ ಕೂರುತ್ತಿದ್ದರು.

ಆ ಮಣೆ ಮಾಯೆಯದು. ಸಭಾಮಂಟಪದ ನಡುವೆ ಒಂದೇ ಉದ್ದನೆಯ ಹಲಸಿನ ಹಲಗೆ. ಅದರ ಹಗ್ಗಗಳು ತೊಲೆಯ ಮೇಲಿಂದ ಹಾದು, ಕೆಳಗೆ ಕೂತ ಸಭಿಕರ ಕೈಗೆ ಬರುತ್ತಿದ್ದವು. ಊರಿಗೊಬ್ಬರಂತೆ ಜನ ಆರಿಸಿ ಕಳಿಸಿದ ಸಭಿಕರು ಅವರು. "ಯಾರಿಗಾಗಿ ಹಗ್ಗ ಹಿಡಿಯುತ್ತೀರಿ?" ಅಂತ ರಾಜ ಕೇಳುತ್ತಿದ್ದ. ಅರ್ಧಕ್ಕಿಂತ ಹೆಚ್ಚು ಸಭಿಕರು ಯಾರಿಗಾಗಿ ಹಿಡಿದರೋ ಅವರೇ ಹಿರಿಯ ಮಂತ್ರಿ. ಸಭಿಕರೊಳಗಿಂದ ಉಳಿದ ಮಂತ್ರಿಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಅವರಿಗೆ ಬಿಟ್ಟದ್ದು. ಆದರೆ ಸಭೆ ಕೇಳಿದ್ದಕ್ಕೆ ಮಣೆಯ ಮೇಲಿದ್ದವರು ಉತ್ತರ ಹೇಳಲೇಬೇಕು. ಸಭೆ ಕೈಬಿಟ್ಟರೆ ಮಣೆ ಒಂದು ಕಡೆ ವಾಲುತ್ತಿರಲಿಲ್ಲ, ಇಡಿಯಾಗಿ ಇಳಿಯುತ್ತಿತ್ತು. ಕೂತವರೆಲ್ಲ ಒಟ್ಟಿಗೆ ನೆಲಕ್ಕೆ.

ಆ ವರ್ಷ ಸಭಿಕರು ಹೊನ್ನಲೆ ಎಂಬ ತರುಣಿಗಾಗಿ ಹಗ್ಗ ಹಿಡಿದರು. ಅವಳು ಮಾತಿನಲ್ಲಿ ಚುರುಕು, ಕೋಪದಲ್ಲಿ ಇನ್ನೂ ಚುರುಕು. ಕಣಜ ನೋಡಿಕೊಳ್ಳಲು ಗಂಗಾಜಿಯನ್ನು ಕರೆದಳು. ಅವನನ್ನು ಕಂಡರೆ ಅವಳಿಗಾಗುತ್ತಿರಲಿಲ್ಲ, ಆದರೆ ಬಡಗಣ ಸೀಮೆಯ ಸಭಿಕರೆಲ್ಲ ಅವನ ಕಡೆಯವರು, ಕರೆಯದೆ ವಿಧಿಯಿರಲಿಲ್ಲ. ಕೆರೆಗಳಿಗೆ ಬಯ್ಯಣ್ಣನನ್ನು ಕರೆದಳು. ಬಯ್ಯಣ್ಣ ಅವಳ ಸೋದರಮಾವ, ತಾಯಿಯಿಲ್ಲದ ಅವಳನ್ನು ಹೆಗಲ ಮೇಲೆ ಹೊತ್ತು ಸಾಕಿದವನು. ಅಷ್ಟು ಒಳ್ಳೆಯ ಮನುಷ್ಯ ಆ ನಾಡಿನಲ್ಲಿ ಇರಲಿಲ್ಲ. ಅಷ್ಟು ಸುಲಭವಾಗಿ ಟೋಪಿ ಹಾಕಿಸಿಕೊಳ್ಳುವವನೂ ಇರಲಿಲ್ಲ.

ಟೋಪಿ ಹಾಕಿದವನು ಕರಾಳಜಟ ಎಂಬ ಮಾಂತ್ರಿಕ. "ದೊಡ್ಡ ಕೆರೆಯ ತೂಬು ಒಂದು ಗಳಿಗೆ ತೆಗೆದುಕೊಡು, ಕೆರೆ ಎಂದೂ ಬತ್ತದಂತೆ ಮಂತ್ರ ಹಾಕುತ್ತೇನೆ" ಅಂದ. ಬಯ್ಯಣ್ಣ ಯಾರನ್ನೂ ಕೇಳದೆ ಕೀಲಿ ತಿರುಗಿಸಿದ. ಮಾಂತ್ರಿಕನ ಮಾಯಾಕೋಣ ತೂಬಿಗೆ ಬಾಯಿಟ್ಟು ಕೆರೆಯನ್ನೆಲ್ಲ ಕುಡಿದು, ಹೊಟ್ಟೆ ಊದಿಸಿಕೊಂಡು ಗುಡ್ಡದ ಹಿಂದೆ ಮಲಗಿಬಿಟ್ಟಿತು. ನಾಡು ಬಾಯಾರಿ ತನ್ನ ಕಾಲಿಗೆ ಬೀಳಲಿ ಎಂಬುದೇ ಮಾಂತ್ರಿಕನ ಆಸೆ. ಆದರೆ ತೂಬು ತೆಗೆದವರು ಯಾರೆಂಬ ಗುಟ್ಟು ಸಭೆಯಲ್ಲಿ ಬಯಲಾದರೆ ಅವನ ಮಂತ್ರ ಸಾಯುತ್ತಿತ್ತು. ಇದು ಅವನೊಬ್ಬನಿಗೇ ಗೊತ್ತು.

ಸಂಜೆ ಬಯ್ಯಣ್ಣ ಸೊಸೆಯ ಮುಂದೆ ಬಂದು ನಿಂತ.

"ಮಗಾ, ಕೆಲ್ಸ ಕೆಟ್ಟೋಯ್ತು. ತೂಬು ತೆಗ್ದವನು ನಾನೇ ಕಣವ್ವ."

ಹೊನ್ನಲೆ ಬಯ್ಯಲು ಬಾಯಿ ತೆರೆದಳು. ಮಾವನ ಮುಖ ನೋಡಿ ಮುಚ್ಚಿಕೊಂಡಳು.

"ಉಂಡ್ಯಾ ಮಾವ?"

"ಇಲ್ಲ."

"ಮೊದ್ಲು ಉಣ್ಣು. ನಾಳೆ ಸಭೆ ಕೇಳ್ತದೆ."

ಅವನು ಉಣ್ಣುತ್ತಿರುವಾಗ ಕಿಟಕಿಗೆ ಒಂದು ಗಿಳಿ ಬಂತು. ಬಂದವನು ಮಾಂತ್ರಿಕನೇ. "ನಾಳೆ ಸಭಿಕರ ನಾಲಿಗೆ ಕಟ್ಟಿಬಿಡಲೇ?" ಅಂದಿತು ಗಿಳಿ.

"ಹಗ್ಗ ಹಿಡಿದವರಿಗೆ ಏನು ಹೇಳಲಿ?" ಅಂತ ಹೊನ್ನಲೆ ಕೇಳಿದಳು.

"ಕೇಳುವವರೇ ಇಲ್ಲದಾಗ ಹೇಳುವುದೇನು?"

"ಹಾಗಾದರೆ ಹೋಗು" ಅಂದಳು.

ಬೆಳಗಾಗುತ್ತಲೇ ಬಾಗಿಲಿಗೆ ಒಂದು ಕರಿಬೆಕ್ಕು ಬಂತು, ಬಾಯಲ್ಲಿ ಕಬ್ಬಿಣದ ಸರಪಳಿ. "ಹಗ್ಗ ಬಿಚ್ಚಿಸಿ ಇದನ್ನು ತೊಲೆಗೆ ಬಿಗಿಸು. ಯಾರ ಕೈಯೂ ಬೇಡ, ಮಣೆ ಎಂದೂ ಇಳಿಯುವುದಿಲ್ಲ."

"ಹಗ್ಗ ಹಿಡಿದವರಿಗೆ ಏನು ಹೇಳಲಿ?"

"ಮನೆಗೆ ಹೋಗಿ ಅನ್ನು."

ಹೊನ್ನಲೆ ಸರಪಳಿಯನ್ನು ಸ್ವಲ್ಪ ಹೊತ್ತು ನೋಡಿದಳು. ಸುಳ್ಳೇಕೆ, ಆಸೆಯಾಯಿತು. ಆಮೇಲೆ ಬೆಕ್ಕನ್ನು ಅಟ್ಟಿದಳು.

ಸಭೆಯ ದಾರಿಯಲ್ಲಿ ಮಾಂತ್ರಿಕ ತನ್ನ ರೂಪದಲ್ಲೇ ಅಡ್ಡ ನಿಂತ. "ತೂಬು ತೆಗೆದವನು ನೀರುಗಂಟಿ ಅನ್ನು. ಕೆರೆ ಕಾಯುವ ಬಡವ, ಅವನ ಮಾತು ಯಾರು ನಂಬುತ್ತಾರೆ? ನಿನ್ನ ಮಾವ ಉಳಿಯುತ್ತಾನೆ."

ಈ ಸಲ ಹೊನ್ನಲೆ ಏನೂ ಕೇಳಲಿಲ್ಲ. ತನ್ನನ್ನು ಹೊತ್ತು ತಿರುಗಿದ ಆ ಹೆಗಲು ಅವಳ ಕಣ್ಣ ಮುಂದೆ ಬಂತು. ಅವನನ್ನು ದಾಟಿಕೊಂಡು ಹೋಗಿ ಮಣೆ ಹತ್ತಿದಳು.

ಸಭೆ ಸೇರಿತು. ಮುದುಕಿ ಸಿಂಗವ್ವ ಹಗ್ಗ ಜಗ್ಗಿ ಕೇಳಿದಳು: "ಕೆರೆ ಎಲ್ಲೋಯ್ತು ತಾಯಿ? ತೂಬು ತೆಗ್ದೋರು ಯಾರು?"

ಬಾಗಿಲ ಬಳಿ ನೀರುಗಂಟಿ ಕೈಕಟ್ಟಿ ನಿಂತಿದ್ದ. ಮಣೆಯ ತುದಿಯಲ್ಲಿ ಮಾವ ತಲೆ ತಗ್ಗಿಸಿ ಕೂತಿದ್ದ. ಹೊನ್ನಲೆ ಇಬ್ಬರನ್ನೂ ನೋಡಿದಳು.

"ನಾವು ತೆಗೆದೆವು" ಅಂದಳು.

"ನಾನೆಲ್ಲಿ ತೆಗ್ದೆ?" ಅಂತ ಗಂಗಾಜಿ ಪಿಸುಗುಟ್ಟಿದ.

"ಮಣೆ ಮೇಲೆ ಕೂತಿದೀಯಲ್ಲ, ಸುಮ್ನಿರು."

ಆಗ ಬಯ್ಯಣ್ಣನಿಗೆ ತಡೆಯಲಾಗಲಿಲ್ಲ. "ಕೀಲಿ ತಿರುಗ್ಸಿದ್ ಕೈ ನಂದು" ಅಂತ ಎದ್ದು, ಮಾಂತ್ರಿಕನ ಸುದ್ದಿಯನ್ನೂ ಕೋಣದ ಸುದ್ದಿಯನ್ನೂ ಎಲ್ಲರ ಮುಂದೆ ಹೇಳಿಬಿಟ್ಟ. ಹೇಳಿ ಮುಗಿಸುವಷ್ಟರಲ್ಲಿ ಗುಡ್ಡದ ಹಿಂದೆ ಕೋಣ ಗುಟುರು ಹಾಕಿ, ಕುಡಿದ ನೀರನ್ನೆಲ್ಲ ಕಕ್ಕಿತು. ಕೆರೆ ತುಂಬಿತು. ಮಾಂತ್ರಿಕ ನಿಂತಲ್ಲೇ ಬೂದಿಯಾದ. ಕೋಣ ಸಾಧುವಾಗಿ ಹುಲ್ಲು ಮೇಯತೊಡಗಿತು.

"ಕೆರೆ ಬಂತು, ಸಂತೋಸ" ಅಂದಳು ಸಿಂಗವ್ವ. "ನಮ್ಮನ್ನ ಕೇಳ್ದೆ ತೆಗ್ದಿದ್ದು ತಪ್ಪೇಯ." ಅವಳು ಹಗ್ಗ ಸಡಿಲಿಸಿದಳು. ಎಲ್ಲರೂ ಸಡಿಲಿಸಿದರು. ಆದರೆ ಯಾರೂ ದಢಕ್ಕನೆ ಬಿಡಲಿಲ್ಲ. ಬಯ್ಯಣ್ಣನ ಮಂಡಿನೋವು ಸಭೆಗೆಲ್ಲ ಗೊತ್ತಿತ್ತು, ಕೈಮೇಲೆ ಕೈ ಹಾಕಿ ಮೆಲ್ಲಗೆ ಇಳಿಸಿದರು. ಮೂವರೂ ನೆಲಕ್ಕೆ ಬಂದರು.

ಧವಳರಾಯ ಮೀಸೆ ನೀವಿಕೊಂಡು ಮತ್ತೆ ಕೇಳಿದ: "ಯಾರಿಗಾಗಿ ಹಗ್ಗ ಹಿಡಿಯುತ್ತೀರಿ?"

ಸಭೆ ಬಹಳ ಹೊತ್ತು ಗುಸುಗುಸು ಮಾಡಿತು. ಕೊನೆಗೆ ನಿಜ ಹೇಳಿದವಳೇ ಇರಲಿ ಅಂತ ಹೊನ್ನಲೆಗಾಗಿಯೇ ಹಿಡಿಯಿತು. ಅವಳು ಗಂಗಾಜಿಯನ್ನು ಕರೆದಳು, ಅವನು ಗೊಣಗುತ್ತಾ ಹತ್ತಿದ. ಕೆರೆಗಳಿಗೆ ಸಿಂಗವ್ವನನ್ನು ಕರೆದಳು. ಬಯ್ಯಣ್ಣ ತಾನಾಗಿಯೇ ಹಿಂದಿನ ಸಾಲಿಗೆ ಹೋಗಿ ತನ್ನ ಊರಿನ ಹಗ್ಗ ಹಿಡಿದು ಕೂತ. ಅಂದಿನಿಂದ ತುಂಬೆನಾಡಿನಲ್ಲಿ ಕೆರೆ ಬತ್ತಲಿಲ್ಲ, ಜನ ನೆಮ್ಮದಿಯಾಗಿ ಬಾಳಿದರು.

ಮಾರನೆಯ ದಿನದ ಸಭೆಯಲ್ಲಿ ಮೊದಲು ಎದ್ದವನು ಬಯ್ಯಣ್ಣನೇ.

"ದೊಡ್ಡ ಕೆರೆ ತೂಬಿನ ಕೀಲಿ ಈಗ ಯಾರತ್ರ ಐತೆ, ಹಿರಿಯ ಮಂತ್ರಿಗಳೇ?"

"ಮಾವ..." ಅಂತ ಹೊನ್ನಲೆ ನಕ್ಕಳು.

"ಮಾವ ಮನೇಲಿ. ಇಲ್ಲಿ ಉತ್ರ ಹೇಳ್ಬೇಕು."

ಅವಳು ಸೆರಗು ಸರಿಮಾಡಿಕೊಂಡು ಉತ್ತರ ಹೇಳಿದಳು. ಅವಳು ಹೇಳಿ ಮುಗಿಸುವವರೆಗೂ ಬಯ್ಯಣ್ಣ ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ.