ಕಾಣುವ ಹಾಗೆ ಹಾಕಿದ ಬೈಂಡು

ಅಕ್ಷರಗಳೊಳಗೆ ಅರಿವಾಗಿಯೂ, ಅಂಜಿದ ಮನಸ್ಸಿನೊಳಗೆ ಅಭಯವಾಗಿಯೂ ನೆಲೆಸಿರುವ ತಾಯಿ ಶಾರದೆಗೆ ನಮಸ್ಕಾರ. ತನ್ನ ಮೈಯ ಅರ್ಧವನ್ನೇ ಒಲವಿಗೆ ಬಿಟ್ಟುಕೊಟ್ಟ ಶಿವನಿಗೆ ನಮಸ್ಕಾರ. ಇಬ್ಬರು ಓದುಗಿತ್ತಿಯರ ಈ ಕಥೆಯನ್ನು ಹೇಳುವ ನಾಲಿಗೆಗೆ ಮಾರ್ದವವನ್ನೂ, ಕೇಳುವ ಕಿವಿಗೆ ತಾಳ್ಮೆಯನ್ನೂ ಅವರು ಕರುಣಿಸಲಿ.

"ಏನ್ರೀ ಇದು... ಪುಸ್ತಕಕ್ಕೆ ಸೀರೆ ಉಡಿಸಿದೀರಾ?"

ಉಮಾಮಹೇಶ್ವರಿ ಬೆಚ್ಚಿ ತಲೆಯೆತ್ತಿದಳು.

ತುಮಕೂರಿನ ಅಮಾನಿಕೆರೆ ಪಾರ್ಕಿನಲ್ಲಿ ಹೊಂಗೆಯ ನೆರಳು. ಭಾನುವಾರದ ಓದುಗರ ಬಳಗಕ್ಕೆ ತಡವಾಗಿ ಬಂದು, ಏದುಸಿರು ಬಿಡುತ್ತ ಪಕ್ಕದಲ್ಲೇ ಕುಳಿತವಳೊಬ್ಬಳು ಅವಳ ಮಡಿಲಿನ ಪುಸ್ತಕವನ್ನು ನೋಡಿ ನಗುತ್ತಿದ್ದಳು. ಕತ್ತರಿಸಿದ ಕೂದಲು, ಹಣೆಯಲ್ಲಿ ಬೆವರ ಹನಿ, ಯಾರಿಗೂ ಹೆದರದ ಕಣ್ಣು.

ಉಮಾ ಪುಸ್ತಕವನ್ನು ಮಡಿಲಿಗೆ ಒತ್ತಿಕೊಂಡಳು.

"ಕ್ಯಾಲೆಂಡರ್ ಹಾಳೆ... ಬೈಂಡ್ ಹಾಕಿದೀನಿ," ಎಂದಳು ಮೆಲ್ಲಗೆ.

ಗುಬ್ಬಿಯಲ್ಲಿ ಅವಳ ತಂದೆ ಸದಾಶಿವಯ್ಯನವರದು ಸ್ಟೇಷನರಿ ಅಂಗಡಿ. ಶಾಲೆಯ ಮಕ್ಕಳ ಪುಸ್ತಕಗಳಿಗೆ ಬೈಂಡ್ ಹಾಕಿಕೊಡುವುದು ಅವರಿಗೆ ವ್ಯಾಪಾರಕ್ಕಿಂತ ಹೆಚ್ಚಾಗಿ ಒಂದು ವ್ರತ. 'ಪುಸ್ತಕ ಅಂದ್ರೆ ಸರಸ್ವತಿ ಕಣಮ್ಮ, ಬರಿಮೈಲಿ ಬಿಡಬಾರ್ದು' ಎಂಬುದು ಅವರ ಮಾತು. ಆದರೆ ಈ ಪುಸ್ತಕಕ್ಕೆ ಉಮಾ ಹಾಕಿದ ಬೈಂಡು ಭಕ್ತಿಯಿಂದಲ್ಲ, ಭಯದಿಂದ! ಅದರ ಮುಖಪುಟದಲ್ಲಿ ಇಬ್ಬರು ಹೆಣ್ಣುಮಕ್ಕಳು ಹಣೆಗೆ ಹಣೆ ತಾಗಿಸಿ ನಿಂತಿದ್ದರು.

ಬಳಗದ ಪದ್ಧತಿ ಸರಳ. ಪ್ರತಿಯೊಬ್ಬರೂ ತಾವು ಈಗ ಓದುತ್ತಿರುವ ಪುಸ್ತಕದ ಬಗ್ಗೆ ಹೇಳಬೇಕು. ಓದಿ ಮುಗಿಸಿದವರು ಇನ್ನೊಬ್ಬರ ಕೈಗೆ ಕೊಡಬೇಕು. ನಿವೃತ್ತ ಮೇಷ್ಟ್ರು ರಂಗನಾಥ್ ಅದರ ಹಿರಿಯರು.

ಹೊಸಬಳ ಸರದಿ ಬಂತು.

"ನಾನು ಮೋನಿಕಾ, ಕುಣಿಗಲ್. ಕನ್ನಡಕದ ಅಂಗಡೀಲಿ ಕೆಲ್ಸ. ಈಗ ಓದ್ತಿರೋದು ಇಬ್ಬರು ಹುಡುಗ್ರ ಪ್ರೀತಿ ಕಥೆ. ಯಾಕಂದ್ರೆ... ನಾನೂ ಹುಡ್ಗೀರನ್ನೇ ಇಷ್ಟಪಡೋಳು. ನಮ್ಮಂಥೋರು ಕಥೇಲಾದ್ರೂ ಸುಖವಾಗಿದ್ರೆ, ಓದಿದ್ಮೇಲೆ ಒಂಥರಾ ಧೈರ್ಯ ಬರುತ್ತೆ."

ರಂಗನಾಥ್ ಕೆಮ್ಮಿದರು.

"ಕೊನೆ ಮಾತ್ರ ಹೇಳ್ಬೇಡಮ್ಮ. ನಾನೂ ಓದ್ಬೇಕು."

ಎಲ್ಲರೂ ನಕ್ಕರು. ಉಮಾ ಮಾತ್ರ ನಗಲಿಲ್ಲ. 'ಇಷ್ಟು ಸುಲಭವಾಗಿ ಹೇಳಬಹುದೇ? ನಾನು ವರ್ಷಗಟ್ಟಲೆ ನುಂಗಿಕೊಂಡದ್ದನ್ನು?'

ಅವಳ ಸರದಿ ಬಂದಾಗ, "ಇದು... ಒಂದು ಸಂಸಾರದ ಕಥೆ," ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು.

ಆದರೆ ಗೇಟಿನ ಬಳಿ ಅವಳೇ ಮೋನಿಕಾಳನ್ನು ತಡೆದು ಪುಸ್ತಕವನ್ನೂ ತನ್ನ ಫೋನ್ ನಂಬರನ್ನೂ ಕೊಟ್ಟಳು.

"ಓದಿ. ಸಂಸಾರದ ಕಥೆ ಅಲ್ಲ."

ಆ ಸಂಜೆಯೇ ಮೆಸೇಜ್ ಬಂತು: 'ರೀ ಉಮಾ! ಎಂಥ ಪುಸ್ತಕ ಬಚ್ಚಿಟ್ಕೊಂಡಿದ್ರಿ!!'

ಅಲ್ಲಿಂದ ಮಾತು ನಿಲ್ಲಲಿಲ್ಲ. ಯಾವ ಪುಟದಲ್ಲಿ ಅಳು ಬಂತು, ಯಾವ ಪಾತ್ರದ ಮೇಲೆ ಸಿಟ್ಟು ಬಂತು... ಓದಿನ ಮಾತು ಊಟದ ಮಾತಾಯಿತು, 'ನೀವು' ಹೋಗಿ 'ನೀನು' ಬಂತು. ಫೋನು ಮಿನುಗಿದಾಗಲೆಲ್ಲ ಉಮಾಳ ಮುಖವೂ ಅರಳುತ್ತಿತ್ತು. ಅಂಗಡಿಯಲ್ಲಿ ಬೈಂಡ್ ಮಡಿಸುತ್ತ ಸದಾಶಿವಯ್ಯನವರು ಅದನ್ನು ನೋಡಿಯೂ ನೋಡದಂತಿದ್ದರು.

ಮತ್ತೊಂದು ಭಾನುವಾರ. ಮೋನಿಕಾ ಸಂಭ್ರಮದಿಂದ ಬಂದವಳೇ ಎಲ್ಲರ ನಡುವೆ ಪುಸ್ತಕವನ್ನು ಚಾಚಿದಳು.

"ತಗೋ ಉಮಾ, ನಿನ್ನ ಪುಸ್ತಕ!"

ಬೈಂಡ್ ಇರಲಿಲ್ಲ! ಹಣೆಗೆ ಹಣೆ ತಾಗಿಸಿದ ಆ ಇಬ್ಬರು ಹೆಣ್ಣುಮಕ್ಕಳು ಬಿಸಿಲಲ್ಲಿ ಬಯಲಾಗಿ ನಿಂತಿದ್ದರು. ಎಲ್ಲರ ಕಣ್ಣೂ ಮುಖಪುಟದ ಮೇಲೆ, ಅಲ್ಲಿಂದ ಉಮಾಳ ಮೇಲೆ.

"ಅದು... ಅದು ನನ್ನದಲ್ಲ!"

ಮಾತು ಬಾಯಿಂದ ಜಾರಿಹೋಗಿತ್ತು. ಮೋನಿಕಾಳ ನಗು ಆರಿತು. ಅವಳು ಪುಸ್ತಕವನ್ನು ಹುಲ್ಲಿನ ಮೇಲಿಟ್ಟು ಎದ್ದುಹೋದಳು.

ಎಲ್ಲರೂ ಹೋದ ಮೇಲೆ ಉಮಾ ಅದನ್ನು ಚೀಲಕ್ಕೆ ತುರುಕಿಕೊಂಡು ಗುಬ್ಬಿಗೆ ಮರಳಿದಳು. 'ನನ್ನನ್ನು ಯಾಕೆ ಹೀಗೆ ಬಯಲಿಗೆಳೆದಳು?' ಎಂದು ಅತ್ತಳು. ಅಳು ತಗ್ಗಿದಾಗ ಇನ್ನೊಂದು ದನಿ ಕೇಳಿತು: 'ನನ್ನದಲ್ಲ ಎಂದದ್ದು ಪುಸ್ತಕವನ್ನೋ... ಅವಳನ್ನೋ?'

ಮೋನಿಕಾಳಿಗೆ ಕಳಿಸಿದ ಮೆಸೇಜುಗಳಿಗೆ ಉತ್ತರ ಬರಲಿಲ್ಲ.

ಶನಿವಾರ ಬೆಳಗ್ಗೆ ಚೀಲದಲ್ಲಿ ಪುಸ್ತಕವಿರಲಿಲ್ಲ! ಉಮಾ ಚೀಲವನ್ನೆಲ್ಲ ತಡಕಾಡಿದಳು. ಅಂಗಡಿಗೆ ಓಡಿದಳು. ಹಣೆಯ ತುಂಬ ವಿಭೂತಿ ಧರಿಸಿದ್ದ ಸದಾಶಿವಯ್ಯನವರು ಅದೇ ಪುಸ್ತಕವನ್ನು ಮುಂದಿಟ್ಟುಕೊಂಡು, ಕತ್ತರಿಯಿಂದ ಏನನ್ನೋ ಕತ್ತರಿಸುತ್ತಿದ್ದರು.

"ಅಪ್ಪಾ..."

"ಬರಿಮೈಲಿ ಇತ್ತು. ಬೈಂಡ್ ಹಾಕ್ತಿದೀನಿ."

ಅವರು ಪುಸ್ತಕವನ್ನು ಅವಳತ್ತ ಸರಿಸಿದರು. ಕ್ಯಾಲೆಂಡರ್ ಹಾಳೆಯಲ್ಲ, ಕಂದು ಕಾಗದವೂ ಅಲ್ಲ... ತಿಳಿನೀರಿನಂಥ ಪಾರದರ್ಶಕ ಪ್ಲಾಸ್ಟಿಕ್ ಹಾಳೆ! ಅದರ ಕೆಳಗೆ ಆ ಇಬ್ಬರು ಹೆಣ್ಣುಮಕ್ಕಳು ಹಾಗೆಯೇ ನಿಂತಿದ್ದರು.

"ನೀರು ಬಿದ್ರೂ ಏನಾಗಲ್ಲ. ಕಾಣೋದೂ ಕಾಣುತ್ತೆ," ಎಂದರು ಅವರು, ಮಗಳ ಮುಖ ನೋಡದೆ. ಆಮೇಲೆ ಕೇಳಿದರು, "ಅರ್ಧ ಓದಿದೀನಿ. ಆ ಹುಡ್ಗೀರು ಕೊನೆಗೆ ಸೇರ್ತಾರಾ?"

"ಸೇರ್ತಾರಪ್ಪ..." ಎಂದಳು ಉಮಾ.

"ಸೇರ್ಲಿ ಬಿಡು. ಅತ್ತಿದ್ದು ಸಾಕು."

ಅವಳು ಅವರ ಪಾದ ಮುಟ್ಟಿದಳು. ಮುದುಕರ ಕೈ ಅವಳ ನೆತ್ತಿಯ ಮೇಲೆ ಬಹಳ ಹೊತ್ತು ಇತ್ತು.

ಭಾನುವಾರ ಮೋನಿಕಾ ಬರಲಿಲ್ಲ. ಆದರೂ ಸರದಿ ಬಂದಾಗ ಉಮಾ ಎದ್ದುನಿಂತು ಪುಸ್ತಕವನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಹೋದ್ ವಾರ ನಾನು ಸುಳ್ಳು ಹೇಳ್ದೆ. ಈ ಪುಸ್ತಕ ನಂದೇ... ಇದರಲ್ಲಿರೋ ಥರದ ಪ್ರೀತೀನೂ ನಂದೇ."

"ಅಬ್ಬಾ! ಅವತ್ತೇ ಎರವಲು ಕೇಳೋಣ ಅಂತಿದ್ದೆ, ನೀವು ನಂದಲ್ಲ ಅಂದ್ಬಿಟ್ರಿ," ಎಂದರು ರಂಗನಾಥ್. "ನನಗೆ ಕೊಡಿ ಮತ್ತೆ."

"ಕೊಡ್ತೀನಿ ಸಾರ್. ಮೊದ್ಲು ಇದನ್ನ ಕುಣಿಗಲ್‌ಗೆ ಕರ್ಕೊಂಡು ಹೋಗ್ಬೇಕು."

ಬಸ್ಸಿನಲ್ಲಿ ಪುಸ್ತಕ ಅವಳ ಮಡಿಲಲ್ಲಿ ಮುಖ ಮೇಲಾಗಿ ಮಲಗಿತ್ತು. ಕಂಡಕ್ಟರ್ ನೋಡಿದ, ಪಕ್ಕದ ಅಜ್ಜಿ ನೋಡಿದಳು. ಉಮಾ ಅದನ್ನು ತಿರುಗಿಸಲಿಲ್ಲ.

ಕನ್ನಡಕದ ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಮೋನಿಕಾ ತಲೆಯೆತ್ತಿದಳು, ಮುಖ ಬಿಗಿಯಿತು.

"ಹೇಳಿ ಮೇಡಂ. ಓದೋ ಕನ್ನಡಕ ಬೇಕಾ, ಯಾರಿಗೂ ಕಾಣದ ಹಾಗೆ ಓದೋ ಕನ್ನಡಕ ಬೇಕಾ? ಎರಡನೇದು ನಮ್ಮಲ್ಲಿ ಸಿಗಲ್ಲ."

ಉಮಾ ಗಾಜಿನ ಟೇಬಲ್ಲಿನ ಮೇಲೆ ಪುಸ್ತಕವನ್ನಿಟ್ಟಳು.

ಮೋನಿಕಾಳ ಬೆರಳು ಪಾರದರ್ಶಕ ಬೈಂಡನ್ನು ಸವರಿತು. "ಇದು..."

"ಅಪ್ಪ ಹಾಕಿದ್ದು. ಬಳಗದಲ್ಲೂ ಹೇಳ್ಬಿಟ್ಟೆ, ನಂದೇ ಅಂತ. ನೀನೇ ಇರ್ಲಿಲ್ಲ."

ಮೋನಿಕಾಳ ಕಣ್ಣು ತುಂಬಿ ಬಂತು.

"ನಿನ್ನ ಕೇಳ್ದೆ ಬೈಂಡ್ ತೆಗೆದಿದ್ದು ನನ್ ತಪ್ಪು ಕಣೇ. ಆವತ್ತು ಬಸ್ಸಲ್ಲಿ ಸುಮ್ನೆ ಚಿತ್ರ ನೋಡೋಣ ಅಂತ ತೆಗ್ದೆ. ಹೆಬ್ಬೂರಲ್ಲಿ ಹತ್ತಿದ ಕಾಲೇಜ್ ಹುಡ್ಗಿ ಒಬ್ಳು, 'ಅಕ್ಕಾ, ಇಂಥ ಕಥೆ ಕನ್ನಡದಲ್ಲೂ ಇದ್ಯಾ?' ಅಂತ ಕೇಳಿದ್ಲು. ಇಳಿಯೋ ತನಕ ನನ್ನ ಕೈ ಬಿಡ್ಲಿಲ್ಲ. ಆ ಖುಷೀಲಿ ನಿನ್ನ ಭಯಾನೇ ಮರ್ತುಬಿಟ್ಟೆ... ಕ್ಯಾಲೆಂಡರ್ ಹಾಳೆ ನನ್ನ ಹತ್ರಾನೇ ಇದೆ. ಒಳಗಡೆ ಶಿವ ಪಾರ್ವತಿ ಇದ್ರು. ದೇವ್ರ ಮನೇಲಿ ಇಟ್ಟಿದೀನಿ."

"ಅಲ್ಲೇ ಇರ್ಲಿ. ಇನ್ನು ನಂಗೆ ಅದು ಬೇಡ." ಉಮಾ ಅವಳ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. "ಮೋನಿ... ನಿನ್ನನ್ನ ಪ್ರೀತಿಸ್ತೀನಿ ಕಣೇ."

ಮೋನಿಕಾ ಟೇಬಲ್ಲಿನ ಮೇಲೆ ಬಾಗಿದಳು. ಹಣೆಗೆ ಹಣೆ ತಾಗಿತು.

"ಬಾಗಿಲು ತೆಗ್ದಿದೆ, ರಸ್ತೆಯೋರು ನೋಡ್ತಾರೆ," ಎಂದಳು ಪಿಸುಮಾತಿನಲ್ಲಿ.

"ನೋಡ್ಲಿ ಬಿಡು!" ಎಂದಳು ಉಮಾ.

ಅವರಿಬ್ಬರನ್ನು ಕಾಯ್ದ ಕರುಣೆಯು ಈ ಕಥೆಯನ್ನು ಓದಿದವರನ್ನೂ, ಕೇಳಿದವರನ್ನೂ ಕಾಯಲಿ. ಬಚ್ಚಿಟ್ಟು ಓದುತ್ತಿರುವ ಪ್ರತಿ ಮಗುವಿಗೂ ಬೆಳಕಿನಲ್ಲಿ ಕುಳಿತು ಓದುವ ದಿನ ಬರಲಿ. ಎಲ್ಲರ ಮನೆಯಲ್ಲೂ ಒಲವು ತಲೆಯೆತ್ತಿ ಬಾಳಲಿ. ಶುಭವಾಗಲಿ.