ವಾರಕ್ಕೆ ಒಂದೇ ಕಿಲೋಮೀಟರ್

ಜೀರುಂಡೆ ತುದಿಗಾಲಲ್ಲಿ ನಿಂತು ಅಪ್ಪನ ಸ್ಕೂಟರಿನ ಮೀಟರನ್ನು ಮತ್ತೊಮ್ಮೆ ನೋಡಿದಳು. 18413.

ಹೋದ ಶನಿವಾರ 18412 ಇತ್ತು. 'ಮನೆಯಲ್ಲಿ ಕಾಣುವ ಐದಂಕಿ ಸಂಖ್ಯೆ ಬರೆಯಿರಿ' ಎಂಬ ಹೋಂವರ್ಕಿಗೆ ಅವಳೇ ಅದನ್ನು ಬರೆದುಕೊಂಡಿದ್ದಳು. ಅಪ್ಪ ಕೆಲಸ ಮಾಡುವ ಗ್ಯಾರೇಜಿಗೆ ಹೋಗಲಿಕ್ಕೇ ಎರಡು ಕಿಲೋಮೀಟರ್. ವಾರವಿಡೀ ಓಡಿದ ಸ್ಕೂಟರು ಒಂದೇ ಕಿಲೋಮೀಟರ್ ತೋರಿಸುವುದೆಂದರೇನು?

"ಅಲ್ಲೇನೇ ಮಾಡ್ತಿದ್ದೀಯ, ಜೀರುಂಡೆ?" ಹೆಲ್ಮೆಟ್ ಹಿಡಿದು ಬಂದ ಅಪ್ಪ ಕೇಳಿದ. ಸದಾ ಪ್ರಶ್ನೆ ಕೇಳುತ್ತ ಗುಂಯ್‌ಗುಡುವ ಮಗಳಿಗೆ ಆ ಹೆಸರಿಟ್ಟವನೂ ಅವನೇ.

"ಧೂಳು ಒರೆಸ್ತಿದ್ದೆ. ಅಪ್ಪಾ, ಗ್ಯಾರೇಜಲ್ಲಿ ಕೆಲಸ ಜಾಸ್ತೀನಾ?"

"ಅಯ್ಯೋ, ತಲೆ ಕೆರ್ಕೊಳ್ಳೋಕೂ ಪುರುಸೊತ್ತಿಲ್ಲ!"

ಸುಳ್ಳೇ ಇರಬೇಕು! ಪಕ್ಕದ ಬೆಂಚಿನ ಹುಡುಗಿಯ ಅಪ್ಪನಿಗೆ ಕೆಲಸ ಹೋಗಿತ್ತು. ಎರಡು ತಿಂಗಳು ಅವರು ದಿನಾ ಟಿಫಿನ್ ಬಾಕ್ಸ್ ಹಿಡಿದು ಹೊರಟು, ಪಾರ್ಕಿನಲ್ಲಿ ಕೂತು ಬರುತ್ತಿದ್ದರಂತೆ.

ಸ್ಕೂಲಿಗೆ ರಜೆಯಿತ್ತು. "ಅಮ್ಮಾ, ಆಟ ಆಡೋಕೆ ಹೋಗ್ತೀನಿ" ಎಂದು ಕೂಗಿ ಜೀರುಂಡೆ ಅಪ್ಪನ ಹಿಂದೆ ಓಡಿದಳು.

ಬೀದಿಯ ತಿರುವಿನಲ್ಲೇ ಅಪ್ಪ ಸ್ಕೂಟರ್ ನಿಲ್ಲಿಸಿದ. ಇಸ್ತ್ರಿ ಅಂಗಡಿಯವರ ಶೆಡ್ಡಿಗೆ ಅದನ್ನು ತಳ್ಳಿದ. ಚಪ್ಪಲಿ ತೆಗೆದು, ಬ್ಯಾಗಿನಿಂದ ಸಾಕ್ಸು, ಕ್ಯಾನ್ವಾಸ್ ಶೂ ತೆಗೆದು ಹಾಕಿಕೊಂಡ. ಆಮೇಲೆ ಬಿರಬಿರನೆ ನಡೆದ.

ಬೇಕರಿ ದಾಟಿದ, ಸೇತುವೆ ದಾಟಿದ. ಅಪ್ಪ ಪಾರ್ಕಿನ ಗೇಟು ತಳ್ಳಿ ಒಳಗೆ ಹೋದ.

ಜೀರುಂಡೆಯ ಕಣ್ಣು ತುಂಬಿತು. ಆದರೆ ಅಪ್ಪ ಯಾವ ಬೆಂಚಿನ ಮೇಲೂ ಕೂರಲಿಲ್ಲ. ಆಚೆ ಗೇಟಿನಿಂದ ಹೊರಬಿದ್ದು, ಓಣಿ ಹಿಡಿದು ಗ್ಯಾರೇಜಿನ ಹಿಂಬಾಗಿಲಿಗೆ ಬಂದು ನಿಂತ.

"ಅಪ್ಪಾ! ಹಾಗಾದ್ರೆ ನಿನ್ನನ್ನ ಕೆಲಸದಿಂದ ತೆಗೆದಿಲ್ವಾ?"

ಬೆಚ್ಚಿಬಿದ್ದ ಅಪ್ಪ ತಿರುಗಿ ನೋಡಿದ. ಅಳುತ್ತಿದ್ದ ಮಗಳನ್ನು ಹತ್ತಿರ ಎಳೆದುಕೊಂಡು, "ಯಾರು ಹೇಳಿದ್ರು ನಿಂಗೆ?" ಎಂದ.

"ಮೀಟರು."

ಎಲ್ಲ ಕೇಳಿದ ಮೇಲೆ ಅಪ್ಪ ತಲೆ ಕೆರೆದುಕೊಂಡ. "ಒಂದು ಮಹಡಿ ಹತ್ತಿದ್ರೆ ಏದುಸಿರು ಬರ್ತಿತ್ತು ಕಣೇ. ದಿನಾ ನಡೀರಿ ಅಂತ ಡಾಕ್ಟರು ಬೈದ್ರು. ವಾರದಿಂದ ಪೆಟ್ರೋಲೇ ಹಾಕ್ಸಿಲ್ಲ, ಗೊತ್ತಾ?"

"ಅದಕ್ಕೆ ಕದ್ದುಮುಚ್ಚಿ ಯಾಕೆ ಬರ್ಬೇಕು?"

"ಸ್ಕೂಟರ್ ಮೆಕ್ಯಾನಿಕ್ಕೇ ನಡ್ಕೊಂಡು ಬಂದ್ರೆ ಗಿರಾಕಿಗಳು ಏನಂತಾರೆ? ಇವನ ಗಾಡೀನೇ ಓಡಲ್ಲ ಅನ್ನಲ್ವಾ? ಅದೂ ಅಲ್ದೆ... ನಿಮ್ಮಮ್ಮ."

ಅಮ್ಮ ಟೈಲರ್. ಮೂರು ವರ್ಷದಿಂದ ಅಂಗಡಿಗೆ ನಡೆದೇ ಹೋಗುತ್ತಾಳೆ. "ದುಡ್ಡೂ ಉಳಿಯುತ್ತೆ, ಹೊಗೇನೂ ಇಲ್ಲ" ಎಂದು ಅವಳು ಹೇಳಿದಾಗಲೆಲ್ಲ, "ಹೌದೌದು, ಚಪ್ಪಲಿ ಅಂಗಡಿಯವನು ಉದ್ಧಾರ ಆಗ್ತಾನೆ" ಎಂದು ಅಪ್ಪ ನಗಾಡುತ್ತಿದ್ದ.

"ಈಗ ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದ ಅಪ್ಪ.

ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಮನೆಗೆ ಬಂದರು. ಬಟ್ಟೆ ಒಗೆಯುತ್ತಿದ್ದ ಅಮ್ಮ ಎರಡು ಬೆರಳಲ್ಲಿ ಏನನ್ನೋ ಎತ್ತಿ ಹಿಡಿದಳು.

"ಏನ್ರೀ ಇದು? ಚಪ್ಪಲಿ ಹಾಕೋ ಮನುಷ್ಯನಿಗೆ ಸಾಕ್ಸ್ ಯಾಕೆ?"

ಅಪ್ಪ ಗೋಡೆ ನೋಡಿದ, ಚಾವಣಿ ನೋಡಿದ. ಉತ್ತರ ಜೀರುಂಡೆಯ ನಾಲಿಗೆ ತುದಿಯಲ್ಲಿತ್ತು. ಆದರೆ ಅಪ್ಪನ ಮುಖ ಕಂಡು ಬಾಯಿ ಮುಚ್ಚಿದಳು. ಲೋಟ ಒಡೆದ ದಿನ ಅಮ್ಮನ ಮುಂದೆ ನಿಂತಾಗ ತಾನೂ ಹೀಗೇ ಇದ್ದಿರಬೇಕು.

ಅವಳು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೊರಗೆ ಹೋದಳು. ಈ ಮಾತನ್ನು ಅಪ್ಪನೇ ಹೇಳಬೇಕು.