ಏರಿನಲ್ಲಿ ನಿಂತ ಗಾಡಿ

ಬೆಳಗಿನ ಏಳು ಗಂಟೆಗೆ ಹಲೀಮಾಬಿ ಮಗನ ಕ್ಯಾನ್ವಾಸ್ ಬೂಟುಗಳನ್ನು ಎತ್ತಿ ಅಂಗಳಕ್ಕೆ ಎಸೆದಳು. ಒಂದು ಬೂಟು ಬಾವಿಕಟ್ಟೆಗೆ ಬಡಿದು ಬಿತ್ತು. "ನನ್ನ ಮಗನ್ನ ನಡೆಸಿ ನಡೆಸಿ ಕೊಲ್ಬೇಕಂತ ಮಾಡೀಯೇನು, ಜೊಹರಾ? ಎದೆನೋವು ಬಂದ ಮನುಷ್ಯ ಮಲಗಿರ್ಬೇಕು, ಮಲಗಿ!" ಸೊಸೆ ಅಂಗಳಕ್ಕಿಳಿದಳು. ಬೂಟುಗಳನ್ನು ಹೆಕ್ಕಿ, ಮಣ್ಣು ಕೊಡವಿ, ಗಂಡನ ಕಾಲ ಬಳಿ ಇಟ್ಟಳು. ಅತ್ತೆಯ ಬಾಯಿಗೆ ಹೆದರಿ ಕೂತರೆ ಗಂಡ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಅವಳ ಗಂಡ ಅಲ್ಲಾವುದ್ದೀನ್ ಎಂದರೆ ಯಲ್ಲಾಪುರದ ಲಾರಿಯವರ ನಡುವೆ ಒಂದು ಹೆಸರು. ಇಪ್ಪತ್ತಾರು ವರ್ಷ ಅರಬೈಲ್ ಘಾಟಿ ಹತ್ತಿ ಇಳಿದವನು. ಎರಡು ತಿಂಗಳ ಹಿಂದೆ ಸ್ಟೇರಿಂಗಿನ ಮುಂದೆಯೇ ಎದೆ ಹಿಡಿದುಕೊಂಡ. ಹುಬ್ಬಳ್ಳಿಯಲ್ಲಿ ಸ್ಟೆಂಟ್ ಹಾಕಿದ ಡಾಕ್ಟರು, ಹೃದಯದ ಒಂದು ಭಾಗ ಸೋತಿದೆ, ದಿನಾ ಅಳತೆಯಲ್ಲಿ ನಡೆಸಿ ಉಳಿದದ್ದಕ್ಕೆ ಶಕ್ತಿ ತುಂಬಬೇಕು ಎಂದು ಹೇಳಿ ಕಳಿಸಿದ್ದರು. ವಾರಕ್ಕೆರಡು ದಿನ ಬಸ್ಸು ಹತ್ತಿ ಶಿರಸಿಗೆ, ಫಿಸಿಯೋಥೆರಪಿಯ ದಿವ್ಯಾ ಮೇಡಂ ಹತ್ತಿರ ಹೋಗುವುದು. ಉಳಿದ ದಿನ ಮನೆಯೆದುರಿನ ಸಮತಟ್ಟು ರಸ್ತೆಯಲ್ಲಿ, ಹೆಂಡತಿಯ ಕೈ ಹಿಡಿದು ನಡಿಗೆ. ಮೊದಮೊದಲು ಐದು ನಿಮಿಷಕ್ಕೇ ಏದುಸಿರು ಬಂದು, ಇದು ಮುದುಕರ ಕೆಲಸ, ನನ್ನಿಂದಾಗದು ಎಂದು ಕೂತುಬಿಟ್ಟಿದ್ದ. ಆಗ ಅವನನ್ನು ಎಬ್ಬಿಸಿದ್ದು ಜೊಹರಾಳ ಒಂದೇ ಮಾತು. ಸವೆದ ಇಂಜಿನ್ ಬಿಚ್ಚಿಸಿ ಬೋರ್ ಮಾಡಿಸಿದ ಮೇಲೆ ಲೋಡಿಲ್ಲದೆ, ನಲವತ್ತರ ವೇಗ ದಾಟದೆ ಗಾಡಿ ಓಡಿಸುತ್ತಿದ್ದಿರಲ್ಲ, ಇದೂ ಹಾಗೇ ಅಂದುಕೊಳ್ಳಿ ಎಂದಿದ್ದಳು. ಲಾರಿಯವನಿಗೆ ಲಾರಿಯ ಮಾತೇ ನಾಟಿತು! ನಕ್ಕು ಎದ್ದ. ಐದು ನಿಮಿಷ ಹತ್ತಾಯಿತು, ಹತ್ತು ಇಪ್ಪತ್ತಾಯಿತು... ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆದರೆ ಪಾಪ, ಒಂದು ಸಂಗತಿ ಅವಳಿಗೆ ಹೊಳೆಯಲೇ ಇಲ್ಲ. ಹಾಗೆ ಓಡಿಸಿದ ಗಾಡಿಯನ್ನು ಲಾರಿಯವರು ಕೊನೆಗೊಂದು ದಿನ ಲೋಡು ತುಂಬಿ ಏರು ಹತ್ತಿಸಿ ನೋಡುತ್ತಾರೆ. ಹತ್ತಿದರೆ ಗಾಡಿ ಪಾಸು.

ಆ ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತಿದ್ದವನಿಗೆ ತಾಯಿ ಮೆಲ್ಲಗೆ ಇನ್ನೊಂದು ಮಾತು ಅಂದಳು. "ಹೆಂಡ್ತಿ ಕೈ ಹಿಡ್ಕೊಂಡು ಓಣಿ ತುಂಬ ತಿರುಗ್ತೀಯಲ್ಲೋ, ನೀನೂ ಒಬ್ಬ ಗಂಡಸಾ? ನಿನ್ನ ಅಪ್ಪ ಸಾಯೋ ದಿನಾನೂ ಚೀಲ ಹೊತ್ತಿದ್ದ." ಅಲ್ಲಾವುದ್ದೀನನ ಮುಖ ಕಪ್ಪಿಟ್ಟಿತು. ಆ ಮಾತು ಜೊಹರಾಳ ಕಿವಿಗೂ ಬಿತ್ತು. ಅವಳು ನೀರಿನ ಬಾಟಲಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಅವನಿರಲಿಲ್ಲ. ಜಗುಲಿಯ ಮೇಲಿದ್ದ ಇಪ್ಪತ್ತೈದು ಕಿಲೋ ಅಕ್ಕಿಚೀಲವೂ ಇರಲಿಲ್ಲ!

ಎದ್ದೆನೋ ಬಿದ್ದೆನೋ ಎಂದು ಓಡಿದಳು. ಮನೆಯ ಹಿಂದಿನ ದಿಬ್ಬದ ಅರ್ಧದಲ್ಲಿ ಚೀಲ ಒಡೆದು ಅಕ್ಕಿ ಚೆಲ್ಲಿತ್ತು. ಪಕ್ಕದಲ್ಲಿ ಅವನು ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು.

"ಅಮ್ಮನಿಗೆ ತೋರಿಸ್ಬೇಕಂತಿದ್ದೆ, ಜೊಹರಾ... ಪಾಸಾಗ್ಲಿಲ್ಲ..."

ಹನ್ನೆರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಕಳಿಸಿದರು. ದಿವ್ಯಾ ಮೇಡಂ ವರದಿ ನೋಡಿ ಮಡಚಿಟ್ಟರು. "ಇನ್ನು ನಡಿಗೆ ಬೇಡ, ಜೊಹರಕ್ಕಾ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ಅಷ್ಟಾದ್ರೂ ಆದ್ರೆ ದೊಡ್ಡದು" ಎಂದರು.

ಮನೆಗೆ ಬಂದ ದಿನವೇ ಹಲೀಮಾಬಿ ಮಂಚದ ಪಕ್ಕ ನಿಂತು ಕೇಳಿದಳು. "ಚೀಲ ಹೊತ್ತು ಹತ್ತು ಅಂತ ಇವನಿಗೆ ಹೇಳಿದ್ದು ಯಾರು?" ಕೇಳುತ್ತಲೇ ಮುದುಕಿ ಮಗನ ಹೊದಿಕೆಯನ್ನು ಮತ್ತೆ ಮತ್ತೆ ಸರಿಮಾಡುತ್ತಿದ್ದಳು. ಜೊಹರಾ ಅದನ್ನು ನೋಡಿದಳು. ಮೂವರು ಮಕ್ಕಳನ್ನು ಮಣ್ಣು ಮಾಡಿ ಈ ಒಬ್ಬನನ್ನು ಉಳಿಸಿಕೊಂಡ ತಾಯಿ... ತನ್ನ ನಾಲಿಗೆಯೇ ಇವನನ್ನು ಕೆಡವಿತೆಂದು ತಿಳಿದರೆ ಸಂಜೆಯವರೆಗೆ ಬದುಕಿಯಾಳೇ? ಎಷ್ಟು ಬೈದರೇನು, ಮಗನ ಮೇಲೆ ಜೀವವಿಟ್ಟೇ ಬೈದವಳಲ್ಲವೇ!

"ನಾನೇ, ಅಮ್ಮಾ. ಹೊತ್ತು ನೋಡಿ ಅಂದಿದ್ದು ನಾನೇ."

ಅಲ್ಲಾವುದ್ದೀನ್ ದಿಂಬಿನಿಂದ ತಲೆಯೆತ್ತಿ ಬಾಯಿ ತೆರೆದ. ಬೇಡವೆಂದು ಜೊಹರಾ ತಲೆಯಾಡಿಸಿದಳು. ಅವನು ಬಾಯಿ ಮುಚ್ಚಿಕೊಂಡ. ಮುಚ್ಚು ಅಂದವಳು ತಾನೇ ಹೌದು, ಆದರೂ ಅಷ್ಟು ಬೇಗ ಮುಚ್ಚಿದನಲ್ಲ ಎಂದುಕೊಂಡಳು.

"ಇವತ್ತಿಂದ ನನ್ನ ಮಗನ್ನ ಮುಟ್ಟಬೇಡ" ಎಂದಳು ಹಲೀಮಾಬಿ. ತನ್ನ ಹಾಸಿಗೆಯನ್ನು ತಂದು ಮಂಚದ ಕೆಳಗೆ ಹಾಸಿದಳು. ಅವನನ್ನು ಕುರ್ಚಿಗೆ ಕೂರಿಸುವುದು, ಮಾತ್ರೆ ಕೊಡುವುದು, ಬೆನ್ನೊರೆಸುವುದು ಎಲ್ಲವೂ ಅವಳದೇ ಆಯಿತು. ಜೊಹರಾ ಗಂಜಿ ಮಾಡಿ ಹೊಸ್ತಿಲ ಹೊರಗಿಡುತ್ತಾಳೆ. ಅತ್ತೆ ಮುಖ ನೋಡದೆ ಒಳಗೊಯ್ಯುತ್ತಾಳೆ.

ನಾಲ್ಕನೆಯ ದಿನ ಒಳಗಿನಿಂದ ಗಂಡನ ದನಿ ಕೇಳಿತು. ಜೊಹರಾ ಉಂಡಳೇ ಎಂದು ತಾಯಿಯನ್ನು ಕೇಳುತ್ತಿದ್ದ. ಮುದುಕಿ, ಮಾತ್ರೆ ನುಂಗು ಅಂದಳು. ಬಾಗಿಲ ಹೊರಗೆ ಜೊಹರಾ ಗೋಡೆಗಾನಿ ಕಾದಳು. ಅವನು ಎರಡನೆಯ ಸಲ ಕೇಳಲಿಲ್ಲ. ಕೇಳುವಷ್ಟು ಉಸಿರಿರಲಿಲ್ಲವೇನೋ ಎಂದು ತನಗೆ ತಾನೇ ಹೇಳಿಕೊಂಡು, ಅವಳು ಅಡುಗೆಮನೆಗೆ ಹೋಗಿ ಉಣ್ಣದೆಯೇ ಒಲೆ ಆರಿಸಿದಳು.